ಖಾಲಿ ಬಿಟ್ಟ ಜಾಗ

ನಮ್ಮವರ ಹೆಸರು ವಿರುಪಾಕ್ಷಿ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೀಲಿಲ್ಲ. ಈಗ ಬರೀತೀನಿ, ಯಾರೇನಂತಾರ ನೋಡೂಣು.

ಕಾರಟಗಿಯ ಅಕ್ಕಿ ಮಿಲ್ಲಿನಾಗ ಹಮಾಲಿ. ಹಗಲೆಲ್ಲಾ ಚೀಲ ಹೊರೋದು, ಸಂಜಿಗೆ ಮಿಲ್ಲಿನ ಹಿಂದಿನ ಬಯಲಾಗ ವಾಲಿಬಾಲ್. ಬೆನ್ನು ನೋವು ಅಂತ ನನ್ನ ಕಡಿಂದ ಎಣ್ಣಿ ತಿಕ್ಕಿಸಿಕೊಳ್ಳೋ ಮನುಷ್ಯ ನೆಟ್ ಕಂಡರ ಎಲ್ಲಾ ಮರೀತಿದ್ರು. ಚೆಂಡು ಎತ್ತಿ ಕೊಡೋದು ಅವರ ಕೆಲಸ. ಹೊಡೆಯೋನು ಯಂಕೋಬ. ಹೊಡತ ಬಿದ್ದರ ಚಪ್ಪಾಳಿ ಯಂಕೋಬಗ. ತಪ್ಪಿದರ "ಕಣ್ಣೆಲ್ಲಿ ಇಟ್ಟೀಯಲೇ!" ಅಂತ ಯಂಕೋಬನ ಬೈಗುಳ ನಮ್ಮವರಿಗೆ.

ಟೀಮಿನ ಆರೂ ಮಂದಿ ಒಂದೇ ಮಿಲ್ಲಿನವರು. ಗಂಗಾವತಿ, ಕುಷ್ಟಗಿ, ಹನುಮಸಾಗರ, ಎಲ್ಲಿ ಪಂದ್ಯ ಇಟ್ಟರೂ ಕಪ್ ಇವರದೇ. ಕಪ್ಪೆಲ್ಲಾ ನಮ್ಮ ಮನಿಯಾಗ ಅದಾವ. ದೊಡ್ಡದರಾಗ ನಾನು ಒಣಮೆಣಸಿನಕಾಯಿ ಇಟ್ಟೀನಿ.

ಆಮ್ಯಾಲ ವಯಸ್ಸಾತು. ಮೊಣಕಾಲು ಹೋದುವು. ಕಪ್ ಬರೋದು ನಿಂತಿತು. ನಮ್ಮವರೇ ಮೊದಲು ಅಂದ್ರು, ನಮ್ಮ ಮನಿ ಕಟ್ಟಿ ಮ್ಯಾಲ ಕುಂತು: "ಸಾಕು. ನಾ ಹೊರಗ ಬರ್ತೀನಿ. ನನ್ನ ಜಾಗಕ್ಕ ಆಸೀಫನ್ನ ಹಾಕ್ರಿ. ಆಮ್ಯಾಲ ನೀವೂ ಒಬ್ಬೊಬ್ಬರ ಬಿಡ್ರಿ."

ಆಸೀಫನೂ ಅದೇ ಮಿಲ್ಲಿನ ಹಮಾಲಿ. ಹೊಸಬ ಅಂತ ಹೊರಗೇ ಕೂಡಿಸಿದ್ರು. ಹೊಸಬನ ಗಡ್ಡ ಬೆಳ್ಳಗಾಗಾಕ ಹತ್ತಿತ್ತು.

ಯಂಕೋಬ ಒಪ್ಪಲಿಲ್ಲ. "ನೀ ಬಿಟ್ರ ಟೀಮೇ ಇಲ್ಲೋ ಮಾರಾಯ. ಸತ್ರೂ ಆರೂ ಮಂದಿ ಕೂಡೇ."

"ಹಂಗಾರ ಹೊರೋರು ಯಾರಲೇ?" ಅಂದ್ರು ನಮ್ಮವರು.

ಎಲ್ಲಾರೂ ನಕ್ಕರು. ಮಾತು ಅಲ್ಲಿಗೇ ಹೋತು.

ಈ ಸುಗ್ಗಿಯಾಗ ಎದಿ ಹಿಡಕೊಂಡು ಮಿಲ್ಲಿನಾಗ ಬಿದ್ದರು. ದವಾಖಾನಿ ಮುಟ್ಟಲಿಲ್ಲ. ಚಟ್ಟ ಹೊತ್ತವರು ಆ ಐದು ಮಂದಿನೇ. ಅದಕ್ಕ ನಾನು ಏನೂ ಅನ್ನಂಗಿಲ್ಲ.

ಶ್ರೀರಾಮನಗರದ ಪಂದ್ಯ ಬಂತು. ಯಂಕೋಬ ಮನಿಗೆ ಬಂದ.

"ವೈನಿ, ಅಣ್ಣನ ಜಾಗದಾಗ ಯಾರನ್ನೂ ನಿಲ್ಲಸಂಗಿಲ್ಲ. ಖಾಲಿ ಬಿಟ್ಟು ಐದೇ ಮಂದಿ ಆಡ್ತೀವಿ. ಅವನ ಅಂಗಿ ಕೊಡ್ರಿ, ನೆಟ್ಟಿನ ಕಂಬಕ್ಕ ಕಟ್ತೀವಿ."

"ಅವರು ಏನಂದಿದ್ರು, ನೆನಪೈತಿ?"

"ಅದು ಆಗಿನ ಮಾತು ಬಿಡ್ರಿ. ಇದು ಮರ್ಯಾದಿ."

ಮರ್ಯಾದಿಯಂತ! ಜೀವ ಇದ್ದಾಗ ಅವರ ಒಂದು ಮಾತು ನಡೆಸಲಿಲ್ಲ, ಸತ್ತಮ್ಯಾಲ ಅಂಗಿಗೆ ಮರ್ಯಾದಿ. ನನ್ನ ಮೈ ಉರೀತು. ಅಂಗಿ ಕೊಡಲಿಲ್ಲ. ನಾನೇ ತರ್ತೀನಿ ಅಂದೆ.

ಗಂಡ ಸತ್ತಾಕಿ ಆಟದ ಬಯಲಿಗೆ ಹೊಂಟಾಳ ಅಂತ ನಮ್ಮತ್ತಿ ಬೈದ್ರು. ಹೋದೆ. ಐದು ಮಂದಿ ನಿಂತಿದ್ರು, ನಡುವ ಒಂದು ಜಾಗ ಬಾಯಿ ತೆರಕೊಂಡಿತ್ತು. ಎದುರಿನವರಿಗೆ ಕಣ್ಣಿಲ್ಲೇನು? ಚೆಂಡೆಲ್ಲಾ ಅಲ್ಲಿಗೇ ಹಾಕಿದ್ರು. ಒಂದೊಂದು ಚೆಂಡು ಬಿದ್ದಾಗೂ ಮಂದಿ ನಕ್ಕರು. ನಮ್ಮವರ ಜಾಗ ನೋಡಿ ನಕ್ಕರು.

ಮೊದಲನೇ ಸೆಟ್ ಸೋತು ಹೊರಗ ಬಂದ್ರು. ನಾನು ಅಂಗಿ ಒಯ್ದು, ಗೆರಿ ಹೊರಗ ಕುಂತಿದ್ದ ಆಸೀಫನ ಎದಿಗೆ ಒಗದೆ.

"ಹಾಕ್ಕೋ."

"ಅಕ್ಕಾ, ಯಂಕೋಬಣ್ಣ..."

"ಸತ್ತಿದ್ದು ನನ್ನ ಗಂಡ, ಯಂಕೋಬನ ಗಂಡ ಅಲ್ಲ. ಹಾಕ್ಕೋ."

ಯಂಕೋಬ ನನ್ನ ಮಾರಿ ನೋಡಿದ, ತಲಿ ತಗ್ಗಿಸಿದ. ಆಸೀಫ ಒಳಗ ಹೋದ. ಅವನು ಎತ್ತಿದ ಮೊದಲನೇ ಚೆಂಡು ನೆಟ್ಟಿಗೆ ಬಡೀತು.

"ಕಣ್ಣೆಲ್ಲಿ ಇಟ್ಟೀಯಲೇ!" ಅಂತ ಒದರಿದ ಯಂಕೋಬ.

ಅದನ್ನ ಕೇಳಿದ ಮ್ಯಾಲ ನನಗ ಅಲ್ಲಿ ನಿಲ್ಲಾಕ ಆಗಲಿಲ್ಲ. ಬಸ್ಸಿಗೆ ಬಂದೆ. ಗೆದ್ದರೋ ಸೋತರೋ ಇನ್ನೂ ಕೇಳಿಲ್ಲ.