ಮೊಳೆ ಕೇಳುವ ಮಾಳಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ, ಆಳೆತ್ತರದ ಗುಂಡಿಯೊಳಗೆ ಮಾಳಮ್ಮ ನಿಂತಿದ್ದಾಳೆ. ತಲೆಗೂ ಮೂಗುಬಾಯಿಗೂ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಾಳೆ. ಕಾಣುವುದು ಕಣ್ಣೆರಡೇ, ಅವೂ ಅರ್ಧ ಮುಚ್ಚಿವೆ. ಗುಂಡಿಯ ಮೇಲೆ ಅಡ್ಡ ಹಾಕಿದ ತೊಲೆಗಳ ನಡುವೆ ಕಮರವೆಂಬ ಗಟ್ಟಿ ಮರದ ದಪ್ಪ ಹಲಗೆಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಬಿಗಿದಿದ್ದಾರೆ. ತೊಲೆಗಳ ಮೇಲೆ ಕಾಲು ಅಗಲಿಸಿ ನಿಂತವನು ಗಂಡ ಗಂಗಪ್ಪ. ಉದ್ದನೆಯ ಗರಗಸದ ಒಂದು ಹಿಡಿ ಅವನ ಕೈಯಲ್ಲಿ, ಇನ್ನೊಂದು ಇವಳ ಕೈಯಲ್ಲಿ.

ಗಂಗಪ್ಪ ಗರಗಸವನ್ನು ಮೇಲಕ್ಕೆತ್ತುತ್ತಾನೆ, ಮಾಳಮ್ಮ ಕೆಳಕ್ಕೆಳೆಯುತ್ತಾಳೆ. ಮರ ಕೊಯ್ಯುವುದು ಕೆಳಕ್ಕೆಳೆದಾಗ. ಹೊಟ್ಟು ಉದುರುವುದೂ ಆಗಲೇ, ನೇರ ಅವಳ ಮುಖದ ಮೇಲೆ. ಇಷ್ಟಾದರೂ ಕೂಡ್ಲಿಗಿಯಿಂದ ಹಡಗಲಿಯವರೆಗೆ ಜನ ಇದನ್ನು ಕರೆಯುವುದು ‘ಗಂಗಪ್ಪನ ಗರಗಸ’ ಎಂದು. ಹಾಗೆ ಕೇಳಿದಾಗಲೆಲ್ಲ ಮಾಳಮ್ಮನಿಗೆ ಮೈ ಉರಿಯುತ್ತದೆ.

“ನಾನೇನ್ ಗುಂಡ್ಯಾಗ ಈಜಾಕ ಇಳಿದೀನೇನ್ರಿ?” ಎಂದು ಕೇಳುತ್ತಾಳೆ. ಕೇಳಿ, ಪಕ್ಕಕ್ಕೆ ತಿರುಗಿ ಹೊಟ್ಟು ಉಗುಳುತ್ತಾಳೆ.

ಉಚ್ಚಂಗಿದುರ್ಗದಿಂದ ಮದುವೆಯಾಗಿ ಬಂದಾಗ ಅವಳಿಗೂ ಗರಗಸಕ್ಕೂ ಸಂಬಂಧವೇ ಇರಲಿಲ್ಲ. ಕೆಳಗಿನ ಹಿಡಿ ಮೈದುನ ಪಕ್ಕೀರಪ್ಪನದಾಗಿತ್ತು. ಅವನಿಗೆ ಹರಪನಹಳ್ಳಿಯ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕಿತು. ಪ್ಯಾಂಟು ಹೊಲಿಸಿಕೊಂಡು ಹೋದ. ಬೇರೆ ಆಳು ಸಿಗುವವರೆಗೆ ನಾಲ್ಕು ದಿನ ಹಿಡಿದುಕೋ ಎಂದು ಗಂಗಪ್ಪ ಹೆಂಡತಿಗೆ ಹೇಳಿದ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ, ಒಂಬತ್ತನೇ ವರ್ಷ ನಡೆಯುತ್ತಿದೆ. ಬೇರೆ ಆಳನ್ನು ಅವನು ಹುಡುಕಿದ್ದನ್ನು ಅವಳಂತೂ ಕಂಡಿಲ್ಲ.

ಹರಪನಹಳ್ಳಿಯಲ್ಲಿ ಕರೆಂಟಿನ ಕೊಯ್ಯುವ ಮಿಷನ್ನು ಬಂದಾಗ ತಮ್ಮ ಕಥೆ ಮುಗಿಯಿತೆಂದೇ ಇಬ್ಬರೂ ಅಂದುಕೊಂಡಿದ್ದರು. ಆದರೆ ಮಿಷನ್ನಿನವರು ಹಳೆಯ ಹಲಗೆ ಮುಟ್ಟುವುದಿಲ್ಲ. ಒಳಗೆಲ್ಲೋ ಮೊಳೆ ಕೂತಿದ್ದರೆ ಅವರ ಬ್ಲೇಡು ಹೋಗುತ್ತದೆ. ಹೀಗಾಗಿ ಬಿಚ್ಚಿದ ಮನೆಗಳ ಬಾಗಿಲು, ಅಟ್ಟದ ಹಲಗೆ, ಅಜ್ಜನ ಕಾಲದ ಸಂದೂಕ ಎಲ್ಲ ಇವರ ಪಾಲಿಗೆ. ಮೂರು ಬೆರಳಿನ ದಪ್ಪವನ್ನು ಎರಡು ತೆಳು ಹಲಗೆಯಾಗಿ ಸೀಳಬೇಕು. ಹೊನ್ನೆಯಾದರೆ ದಿನಕ್ಕೆ ಎರಡು, ಕಮರವಾದರೆ ಒಂದೇ. ಮಿಷನ್ನಿನ ಬ್ಲೇಡಿಗೆ ಮೊಳೆ ತಾಗಬಾರದು, ಇವರ ಗರಗಸಕ್ಕೆ ತಾಗಿದರೆ ನಡೆಯುತ್ತದೆ ಎಂದು ಜನ ಹೇಗೆ ತೀರ್ಮಾನಿಸಿದರೋ ದೇವರೇ ಬಲ್ಲ.

ಇರುವುದು ಒಂದೇ ಗರಗಸ, ಗಂಗಪ್ಪನ ಅಪ್ಪ ತಂದದ್ದು. ಹಲ್ಲು ಮಸೆಯಲು ಅರ ಹಾಕಿ ಹಾಕಿ ಅದರ ಅಗಲ ಅರ್ಧಕ್ಕರ್ಧ ಸವೆದಿದೆ. ಹಲ್ಲು ಮುರಿದಷ್ಟೂ ಉಳಿದ ಹಲ್ಲುಗಳನ್ನೂ ಮುರಿದದ್ದರ ಮಟ್ಟಕ್ಕೆ ಇಳಿಸಬೇಕು, ಅಗಲ ಇನ್ನಷ್ಟು ಕಡಿಮೆಯಾಗುತ್ತದೆ. ಅಂಥದ್ದು ಈಗ ಮಾಡಿಕೊಡುವವರೂ ಇಲ್ಲ. ಇದು ಹೋದ ದಿನ ಗಂಡ ಹೆಂಡತಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿಗೆ ನಿಲ್ಲಬೇಕು.

ಅದಕ್ಕೇ ಮಾಳಮ್ಮ ಒಂದು ರೂಢಿ ಮಾಡಿಕೊಂಡಿದ್ದಾಳೆ. ಹಲಗೆ ಬಿಗಿಯುವ ಮೊದಲು ಆ ಮನೆಯ ಹಿತ್ತಲಿಗೆ ಹೋಗುತ್ತಾಳೆ. ಅವಳನ್ನು ಒಳಗೆ ಕರೆಯುವ ಮಾತೇ ಇಲ್ಲ. ಗೋಡೆಯಾಚೆ ನಿಂತು ಹೆಂಗಸರನ್ನು ಕೂಗಿ, ಮೊಳೆ ಎಲ್ಲೆಲ್ಲಿ ಹೊಡೆದಿದ್ದೀರಿ ಎಂದು ಕೇಳುತ್ತಾಳೆ.

“ಗಂಡಸರನ್ನ ಕೇಳಿದ್ರ ಒಂದೂ ಇಲ್ಲ ಅಂತಾರ. ಸುಳ್ಳಲ್ರಿ, ಅವರಿಗೆ ಗೊತ್ತಿರಂಗಿಲ್ಲ. ಜರಡಿ ನೇತುಹಾಕಾಕ, ಕೂಸಿಗೆ ದೃಷ್ಟಿ ಆಗಬಾರ್ದಂತ ಮೊಳಿ ಹೊಡದೋರು ಹೆಣ್ಮಕ್ಕಳು. ಹೊಡದ ಕೈಗೆ ನೆಪ್ಪಿರ್ತೈತಿ.”

ಹೋದ ತಿಂಗಳು ಆ ರೂಢಿ ತಪ್ಪಿತು. ಊರಿನ ವ್ಯಾಪಾರಿ ಗುರುಸಂಗಪ್ಪ ಮತ್ತು ಅವರ ತಮ್ಮ ಜಂಬಣ್ಣ ಬೇರೆಯಾಗಿದ್ದರು. ಮನೆಯ ನಡುವೆ ಗೋಡೆ ಎದ್ದಿತ್ತು. ತಲೆಬಾಗಿಲು ಮಾತ್ರ ಒಂದೇ ಅಗಲವಾದ ಹೊನ್ನೆ ಹಲಗೆಯದು, ಅಜ್ಜ ಮಾಡಿಸಿದ್ದು. ಅಣ್ಣ ಬಿಡಲೊಲ್ಲ, ತಮ್ಮ ಒಪ್ಪಲೊಲ್ಲ. ಕಡೆಗೆ ಹಿರಿಯರು ಕೂತು, ದಪ್ಪದಲ್ಲೇ ಸೀಳಿಸಿ ಇಬ್ಬರೂ ಒಂದೊಂದು ಬಾಗಿಲು ಮಾಡಿಕೊಳ್ಳಿ ಎಂದರು. ಹಲಗೆ ಗುಂಡಿಗೆ ಬಂತು, ಹಿಂದೆಯೇ ಅಣ್ಣತಮ್ಮಂದಿರೂ ಬಂದರು.

ಗಂಗಪ್ಪ ಮಸಿ ಅದ್ದಿದ ದಾರ ಹಿಡಿದು ಅಂಚಿನ ನಡುವೆ ಗೆರೆ ಹೊಡೆದ. ಗೆರೆ ತನ್ನ ಕಡೆಗೆ ಸರಿದಿದೆ ಎಂದರು ಗುರುಸಂಗಪ್ಪ. ಒರೆಸಿ ಮತ್ತೆ ಹೊಡೆದ. ಈಗ ಜಂಬಣ್ಣನ ಸರದಿ. ಅದು ಮುಗಿಯಿತು ಎನ್ನುವಾಗ ಜಂಬಣ್ಣ, ಹೊಟ್ಟಾಗಿ ಉದುರುವ ಮರ ಯಾರ ಪಾಲಿನದು ಎಂದು ಕೇಳಿದರು. ಬಿಸಿಲು ನೆತ್ತಿಗೇರಿತು, ಗರಗಸ ಇನ್ನೂ ಮರ ಮುಟ್ಟಿರಲಿಲ್ಲ. ಅವರ ತಾಯಿಯನ್ನು ಕೇಳಿ ಬರುತ್ತೇನೆ ಎಂದು ಮಾಳಮ್ಮ ಹೊರಟರೆ, ಹೆಂಗಸರಿಗೆ ಇದರಲ್ಲೇನು ಗೊತ್ತು, ಎರಡೂ ಕಡೆ ನಾನೇ ಕೈಯಾಡಿಸಿ ನೋಡಿದ್ದೇನೆ ಎಂದು ಗುರುಸಂಗಪ್ಪ ತಡೆದರು. ಇದೊಂದು ಮುಗಿದರೆ ಸಾಕಾಗಿದ್ದ ಗಂಗಪ್ಪನೂ ಕೆಳಗಿಳಿ ಎಂದುಬಿಟ್ಟ. ಮಾಳಮ್ಮ ಗೊಣಗುತ್ತ ಇಳಿದಳು.

ಮೊಳದುದ್ದ ಕೊಯ್ದಿರಲಿಲ್ಲ. ಕರ್ರೆಂದಿತು. ಹಿಡಿ ಅವಳ ಅಂಗೈಯಲ್ಲಿ ಅದುರಿತು, ಹೊಟ್ಟಿನ ಜೊತೆ ಮೂರು ಹಲ್ಲು ಉದುರಿದವು. ಗುಂಡಿಯಲ್ಲಿ ಕೂತು ಅವನ್ನು ಆರಿಸುವಾಗ ಅವಳಿಗೆ ಅಳುವೇ ಬಂತು. ಮೇಲೆ ಆ ಇಬ್ಬರೂ ಮೊಳೆ ಇರುವುದು ಯಾರ ಅರ್ಧದಲ್ಲಿ ಎಂದು ಜಗಳ ತೆಗೆದಿದ್ದರು. ಅಳು ಅಲ್ಲಿಗೇ ನಿಂತಿತು. ಮೇಲೆ ಬಂದಳು, ಗರಗಸ ಬಿಚ್ಚಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

“ನಿಮ್ಮವ್ವನ್ನ ಕರೀರಿ. ಅಕಿ ಬರೋತನಕ ಇದನ್ನ ನನ್ನ ಗಂಡಗೂ ಕೊಡಂಗಿಲ್ಲ.”

ಗುರುಸಂಗಪ್ಪ ರೇಗಿದರು. ಗಂಗಪ್ಪ ಸಮಾಧಾನ ಹೇಳಲು ಹೋಗಿ ಅವಳ ಮುಖ ನೋಡಿ ಹಿಂದೆ ಸರಿದ. ಕೊನೆಗೆ ಯಾರೋ ಹೋಗಿ ದಾಕ್ಷಾಯಣಮ್ಮನವರನ್ನು ಕರೆತಂದರು. ಮುದುಕಿ ಮಕ್ಕಳ ಕಡೆ ನೋಡಲಿಲ್ಲ, ಗೆರೆಯ ಕಡೆಯೂ ನೋಡಲಿಲ್ಲ. ಎಣ್ಣೆ ಕುಂಕುಮದಿಂದ ಕಪ್ಪಾಗಿದ್ದ ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು. ಇಲ್ಲೊಂದು, ಅಲ್ಲೊಂದು, ಒಟ್ಟು ಐದು.

“ನಮ್ಮತ್ತಿ ಹೊಡದಿದ್ದು. ಕೂಸು ಹುಟ್ಟಿದಾಗೊಮ್ಮೆ ಒಂದು,” ಎಂದರು. “ನಾ ಹಡದ ಐದರಾಗ ಉಳದಾವು ಇವೆರಡ ನೋಡು ತಾಯಿ.”

ಅಣ್ಣತಮ್ಮಂದಿರು ಮತ್ತೆ ಗೆರೆಯ ಮಾತು ಎತ್ತಲಿಲ್ಲ. ಮಾಳಮ್ಮ ಮೊಳೆಗಳನ್ನು ಒಂದೊಂದಾಗಿ ಕೀಳಿಸಿ ಮುದುಕಿಯ ಸೆರಗಿಗೆ ಹಾಕಿದಳು. ಆಮೇಲೆ ಗಂಡ ಹೆಂಡತಿ ಎರಡು ದಿನ ಅರ ಹಿಡಿದು ಕೂತರು. ಗರಗಸ ಇನ್ನೂ ಕಿರಿದಾಗಿದೆ. ಇಂಥ ಇನ್ನೊಂದು ಪೆಟ್ಟು ತಡೆಯಲಾರದು ಎನ್ನುತ್ತಾನೆ ಗಂಗಪ್ಪ.

ಅವಳು ನೊಂದದ್ದು ಪೆಟ್ಟಿಗಿಂತ ಹೆಚ್ಚಾಗಿ ಗಂಡನ ಆ ಒಂದು ಮಾತಿಗೆ. “ಊರವರು ಅಂದ್ರ ಅನ್ಲಿ. ಇವಗ ಗೊತ್ತಿತ್ತಲ್ರಿ. ಗೊತ್ತಿದ್ದೂ ಇಳಿ ಅಂದ,” ಎನ್ನುತ್ತಾಳೆ. ಅದಾದ ಮೇಲೆ ಎಷ್ಟೋ ದಿನ ಗರಗಸ ಎಳೆದಳೇ ಹೊರತು ಅವನೊಡನೆ ಮಾತಾಡಲಿಲ್ಲ.

ಈ ವಾರ ಹಂಪಸಾಗರದಲ್ಲಿ ಕೆಲಸ, ಮನೆಯ ಮುಂದಿನ ಅಂಗಳದಲ್ಲೇ ಗುಂಡಿ ತೋಡಿದ್ದಾರೆ. ಸಂದೂಕದ ಹಲಗೆ ಸೀಳಬೇಕು. ಮಾಳಮ್ಮ ಯಾರನ್ನೂ ಕೇಳದೆ ಹಿತ್ತಲಿಗೆ ನಡೆದು, ಮನೆಯಾಕೆ ಅನ್ನದಾನಮ್ಮನವರನ್ನು ಕೂಗಿದ್ದಾಳೆ. ಮುಂದಿನ ಅಂಗಳದಲ್ಲಿ ಯಜಮಾನರಿಗೆ ಅವಸರ. ಹೊಳೆಯಾಚೆ ಹೋಗಬೇಕಂತೆ, ಹಲಗೆಯಲ್ಲಿ ಏನೂ ಇಲ್ಲವಂತೆ, ಶುರು ಮಾಡಬೇಕಂತೆ. ಗಂಗಪ್ಪ ತೊಲೆಯ ಮೇಲೆ ಕೂತು ಬೀಡಿ ಹಚ್ಚುತ್ತಾನೆ.

“ಮಾಳಮ್ಮ ಹಿತ್ತಲಾಗ ಹೋಗ್ಯಾಳ್ರಿ,” ಎನ್ನುವುದು ಗೋಡೆಯಾಚೆಗೂ ಕೇಳುತ್ತದೆ. “ಅಕಿ ಗರಗಸ ಅದು. ಅಕಿ ಬಂದು ಹೂಂ ಅನ್ಲಿ.”

ಅನ್ನದಾನಮ್ಮನವರು ಮೊಳೆಯ ಜಾಗವನ್ನೆಲ್ಲ ಹೇಳಿ ಮುಗಿಸಿದ್ದಾರೆ. ಆದರೂ ಮಾಳಮ್ಮ ಹೊರಡುವುದಿಲ್ಲ. ಗೋಡೆಗೆ ಒರಗಿ, ಈ ಸಲ ಉಪ್ಪಿನಕಾಯಿ ಹಾಕಿದಿರೇನು ಎಂದು ನಿಧಾನವಾಗಿ ವಿಚಾರಿಸುತ್ತಾಳೆ.