ಸೋರೆಕಾಯಿ ನಿಂತಿದ್ದ ಜಾಗ

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: "ಬಿಸಿಲು. ಚಪ್ಪಲಿ ಗಲಾಟೆ." ಉಳಿದದ್ದೆಲ್ಲ ನೆನಪು, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೇಳಿ ಹೇಳಿ ಕಥೆಗೆ ಒಗ್ಗರಣೆ ಬಿದ್ದಿರಬಹುದು. ಆದರೆ ಸೋರೆಕಾಯಿ ಇತ್ತು, ಅದು ಖಂಡಿತ.

ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ಸುಧಾರಿಸಲು ಮೈಸೂರಿನ ಕೆಲವರೂ ಹೊರದೇಶದ ಕೆಲವರೂ ಸೇರಿ ಒಂದು ಸಹಭಾಗಿತ್ವ ಮಾಡಿಕೊಂಡಿದ್ದರು. ನಾನು ಅದರಲ್ಲಿ ಸ್ವಯಂಸೇವಕಿ. ಅತಿಥಿಗಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುವುದು, ಜನ ಕನ್ನಡದಲ್ಲಿ ಬೈದದ್ದನ್ನು ಆದಷ್ಟು ಮೆತ್ತಗೆ ಮಾಡಿ ಇಂಗ್ಲಿಷಿಗೆ ಕಳಿಸುವುದು ನನ್ನ ಕೆಲಸ.

ಆ ಬೆಳಿಗ್ಗೆ ಜಯಲಕ್ಷ್ಮಿಪುರಂನ ನಮ್ಮ ಮನೆ ಮುಂದೆ ಜೀಪು ಬಂದು ನಿಂತಾಗ ಅದರ ತಲೆಯ ಮೇಲೆ ಒಂದು ಚಪ್ಪಲಿ ಸ್ಟ್ಯಾಂಡು ಕೂತಿತ್ತು. ವಿಜಯನಗರದ ಬಡಗಿ ಮಾಡಿದ್ದು, ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ. ಅದು ನಮ್ಮ ಅತಿಥಿಯ ಆಸೆ. ಅವರು ಯಾವುದೋ ತಣ್ಣನೆಯ ದೇಶದ ನಿವೃತ್ತ ವೈದ್ಯರು. ಎತ್ತರದ, ಒಳ್ಳೆಯ, ವಿಪರೀತ ಅಚ್ಚುಕಟ್ಟಿನ ಮನುಷ್ಯ. ಹಿಂದಿನ ಭೇಟಿಯಲ್ಲಿ ಕೇಂದ್ರದ ವರಾಂಡದಲ್ಲಿ ಚಪ್ಪಲಿಗಳು ಬಿದ್ದಿದ್ದನ್ನು ಕಂಡು, ರೋಗಿಗಳು ಎಡವಿಯಾರೆಂದು ಅವರಿಗೆ ನಿದ್ದೆಯೇ ಬಂದಿರಲಿಲ್ಲವಂತೆ.

ನಾವು ತಲುಪಿದಾಗ ಜನ ಹೊಂಗೆ ಮರದ ನೆರಳಲ್ಲಿ ಹರಟುತ್ತಿದ್ದರು. ನಾನು ಒಳಗೆ ನರ್ಸಮ್ಮ ಕೊಟ್ಟ ಕಾಫಿ ಮುಗಿಸುವಷ್ಟರಲ್ಲಿ ಅತಿಥಿ ಕೆಲಸ ಮುಗಿಸಿದ್ದರು. ಫೋನಿನಲ್ಲಿ "ಮುಂಚೆ" ಎಂದೊಂದು ಫೋಟೋ ತೆಗೆದು, ಚಪ್ಪಲಿಗಳನ್ನೆಲ್ಲ ಸ್ವಂತ ಕೈಯಿಂದ ಸ್ಟ್ಯಾಂಡಿನಲ್ಲಿ ಜೋಡಿಸಿ, "ಆಮೇಲೆ" ಎಂದು ಇನ್ನೊಂದು ತೆಗೆದಿದ್ದರು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಚಪ್ಪಲಿಗಳ ಜೊತೆ ಒಂದು ಸೋರೆಕಾಯಿಯೂ ಇತ್ತು. ಅದು ತಮಗೆ ಬಂದ ಉಡುಗೊರೆ ಎಂದುಕೊಂಡು, ಎದೆಗವಚಿಕೊಂಡು, ಮರದ ಕಡೆಗೆ ತಲೆಬಾಗಿದರು.

"ಅಯ್ಯಯ್ಯೋ, ಸಾಲೆಲ್ಲಾ ಕಲ್ಸಾಕ್ಬುಟ್ರಲ್ಲಪ್ಪಾ!" ಯಾರೋ ಕೂಗಿದರು.

ಆ ಚಪ್ಪಲಿಗಳೇ ಸಾಲು. ಬಿಸಿಲಲ್ಲಿ ಮನುಷ್ಯರು ಯಾಕೆ ನಿಲ್ಲಬೇಕು? ಬಂದ ಕ್ರಮದಲ್ಲಿ ಚಪ್ಪಲಿ ಬಿಟ್ಟು ನೆರಳಿಗೆ ಹೋದರೆ ಸರದಿಯನ್ನು ಚಪ್ಪಲಿ ಕಾಯುತ್ತದೆ. ಇದು ಯಾರಿಗಾದರೂ ಹೇಳಬೇಕಾದ ವಿಷಯವೆಂದು ನನಗೆ ಹೊಳೆದೇ ಇರಲಿಲ್ಲ.

ಸೋರೆಕಾಯಿ ಒಬ್ಬ ಅಜ್ಜಿಯದು. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು, ಚಪ್ಪಲಿ ಮೆಟ್ಟುವಂತಿರಲಿಲ್ಲ. ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದು, ನರ್ಸಮ್ಮನಿಗೆಂದು ತಂದ ಕಾಯಿಯನ್ನೇ ಸಾಲಿಗಿಟ್ಟಿದ್ದರು.

"ನನ್ ಕಾಯೇ ಮೊದ್ಲು ಇದ್ದುದ್ದು. ಬಾಗ್ಲಿಗೆ ಒತ್ತಿ ಮಡಗಿದ್ದೆ."

"ಓಗಜ್ಜಿ, ನೀ ಬರೋ ಒತ್ಗೆ ನಾನು ಎರ್ಡು ಬೀಡಿ ಸೇದಿ ಮುಗ್ಸಿದ್ದೆ," ಅಂದರು ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ ಒಬ್ಬರು.

"ಕೆಮ್ಮಿಗೆ ಬಂದು ಬೀಡಿ ಲೆಕ್ಕ ಏಳ್ತೀಯಲ್ಲ, ನಾಚ್ಕೆ ಆಗಕಿಲ್ವೇನ್ಲಾ?"

ಪ್ರತಿಯೊಬ್ಬರ ನೆನಪಿನಲ್ಲೂ ಅವರವರ ಚಪ್ಪಲಿಯೇ ಮುಂದಿತ್ತು. ಆ ಸಾಲಿಗೆ ಎಲ್ಲೆಲ್ಲೂ ತಲೆ, ಬಾಲವೇ ಇಲ್ಲ.

ಅಜ್ಜಿ ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದರು. "ಮಧ್ಯಾನದ ಬಸ್ ತಪ್ಪುದ್ರೆ ಸಂಜೆಗಂಟ ಬಸ್ಸಿಲ್ಲ ಕಣವ್ವ. ಮೊಮ್ಮಗಳ್ನ ನೋಡಕ್ಕೆ ಗಂಡಿನ್ ಕಡೆಯೋರು ಬತ್ತಾವ್ರೆ. ಅವ್ಳು ಇನ್ನೂ ಓದ್ಬೇಕು ಅಂತಾವ್ಳೆ. ನಾನಿಲ್ದಿದ್ರೆ ನನ್ ಮಗ ಊಂ ಅಂದ್ಬುಡ್ತಾನೆ."

ಇದನ್ನು ಇಂಗ್ಲಿಷಿಗೆ ತಂದಾಗ ಅತಿಥಿಯ ಮುಖ ಕೆಂಪಾಯಿತು. ಕಾಯಿಯನ್ನು ಎರಡೂ ಕೈಯಲ್ಲಿ ಅಜ್ಜಿಗೆ ಒಪ್ಪಿಸಿ, ಏನೋ ಹೊಳೆದಂತೆ ಫೋನು ತೆಗೆದರು. "ಮುಂಚೆ" ಫೋಟೋ ಇತ್ತಲ್ಲ!

ಫೋಟೋದಲ್ಲಿ ಸಾಲು ಸ್ಪಷ್ಟವಾಗಿತ್ತು. ಸೋರೆಕಾಯಿ ಒಂದು ತುದಿಯಲ್ಲಿತ್ತು. ಆದರೆ ಬಾಗಿಲು ಫೋಟೋದೊಳಗೆ ಬಿದ್ದಿರಲಿಲ್ಲ. ಯಾವ ಕಡೆ ನಿಂತು ತೆಗೆದದ್ದೆಂದು ಅತಿಥಿಗೂ ನೆನಪಿಲ್ಲ. ಕಾಯಿಯಿದ್ದ ತುದಿ ಸಾಲಿನ ಮೊದಲೋ ಕೊನೆಯೋ? ಕಾಯಿಯ ಆಸುಪಾಸಿನ ಚಪ್ಪಲಿಯವರೆಲ್ಲ ಕೂಡಲೇ ಅಜ್ಜಿಯ ಪಕ್ಷವಾದರು, ಇನ್ನೊಂದು ತುದಿಯವರೆಲ್ಲ ಬೀಡಿಯವರ ಪಕ್ಷ.

"ಫೋಟೋ ಉಲ್ಟಾ ಇಡ್ಕಂಡಿದೀರ," ಎಂದು ಅಜ್ಜಿ ಫೋನು ತಿರುಗಿಸಿದರು. ಚಿತ್ರವೂ ತಿರುಗಿ ಮೊದಲಿನಂತೆಯೇ ಕೂತಿತು. ಮತ್ತೆ ತಿರುಗಿಸಿದರು. ಅದೂ ಮತ್ತೆ ತಿರುಗಿತು.

"ಇದೂ ನನ್ ಸೊಸೆ ತರಾನೇ. ಎಂಗೆ ತಿರುಗ್ಸಿದ್ರೂ ತಾನೇ ಸರಿ ಅಂತದೆ!"

ಮೊದಲು ನಕ್ಕವರು ಬೀಡಿಯವರೇ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ಆ ಗದ್ದಲದಲ್ಲಿ ಅತಿಥಿ ನನ್ನನ್ನು ಕೇಳಿದರು: ನೀವು ಒಳಗೆ ಹೋಗುವಾಗ ಕಾಯಿ ಎಲ್ಲಿತ್ತು? ಬಾಗಿಲ ಹತ್ತಿರ ಅಂದೆ. ನಿಜವಾಗಿ ನೋಡಿದ್ದೆನೇ? ಈಗ ಕಣ್ಣು ಮುಚ್ಚಿದರೆ ಕಾಯಿ ಹೊಸ್ತಿಲಿಗೆ ತಾಗಿಕೊಂಡೇ ಕಾಣುತ್ತದೆ. ಆದರೆ ಕಥೆ ಹೇಳಿದಷ್ಟು ಸಲವೂ ಅದು ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಸರಿಯುತ್ತಿದೆಯೆಂದು ನನಗೆ ಗುಮಾನಿ.

"ಓಗ್ಲಿ ಬುಡಿ, ಅಜ್ಜಿನೇ ಮೊದ್ಲು ಓಗ್ಲಿ," ಅಂದರು ಬೀಡಿಯವರು. "ಇಲ್ದಿದ್ರೆ ಗಂಡಿನ್ ಕಡೆಯೋರ್ನ ಇಲ್ಗೇ ಕರೆಸ್ಬುಡ್ತದೆ."

ಒಳಗೆ ನರ್ಸಮ್ಮ ಹುಣ್ಣು ತೊಳೆದು ಪಟ್ಟಿ ಕಟ್ಟಿದರು.

"ಇನ್ನೊಂದ್ ಸುತ್ತು ಸುತ್ತವ್ವ."

"ಸಾಕು ಕಣಜ್ಜಿ."

"ಇನ್ನೊಂದೇ ಒಂದು."

ಕೊನೆಗೆ ಪಾದ ಸಣ್ಣ ದಿಂಬಿನಷ್ಟಾಯಿತು. ಚಿಕಿತ್ಸೆಯ ಮೇಲೆ ಎಂಥ ನಂಬಿಕೆ ನೋಡಿ ಎಂದು ಅತಿಥಿ ಭಾವುಕರಾಗಿ ಪಿಸುಗುಟ್ಟಿದರು. ನಾನೂ ತಲೆಯಾಡಿಸಿದೆ. ಅಜ್ಜಿಗೆ ಬಸ್ಸು ಸಿಕ್ಕಿತು.

ಕೆಲವು ತಿಂಗಳಾದ ಮೇಲೆ, ನರ್ಸಮ್ಮನಿಂದ ನನ್ನ ವಿಳಾಸ ತಿಳಿದುಕೊಂಡು ಅಜ್ಜಿ ಮೊಮ್ಮಗಳೊಡನೆ ನಮ್ಮ ಮನೆಗೆ ಬಂದರು. ಹತ್ತಿರದ ಕಾಲೇಜಿಗೆ ಅರ್ಜಿ ಕೊಡಬೇಕಿತ್ತು. ಹುಣ್ಣು ಮಾದಿತ್ತು, ಕಾಲಲ್ಲಿ ಹೊಸ ಚಪ್ಪಲಿ.

"ಮದುವೆ ಮಾತು ಏನಾಯ್ತಜ್ಜಿ?"

"ಏನಾಯ್ತದೆ? ಅವ್ರು ಕೇಸ್ರಿಬಾತು ಬಾಯ್ಗಿಡೋ ಒತ್ಗೆ ಸರಿಯಾಗಿ ನಡುಮನೇಲಿ ಪಟ್ಟಿ ಸುತ್ತಿದ್ ಕಾಲು ಚಾಚ್ದೆ. ನಮ್ ಮನೇಲಿ ಎಲ್ರಿಗೂ ಸಕ್ರೆ ಕಾಯ್ಲೆ ಕಣ್ರಪ್ಪ, ಎಣ್ಮಕ್ಳಿಗೆ ವಸಿ ಬ್ಯಾಗ ಬತ್ತದೆ ಅಂದೆ. ತಟ್ಟೆ ಮಡಗಿ ಎದ್ರು."

"ಅಜ್ಜಿಗೆ ಬಿಟ್ರೆ ನಮ್ಮನೇಲಿ ಯಾರ್ಗೂ ಇಲ್ಲ ಆಂಟಿ," ಎಂದು ಮೊಮ್ಮಗಳು ದುಪಟ್ಟಾ ಅಡ್ಡ ಹಿಡಿದು ನಕ್ಕಳು.

ಮೂವರೂ ಕಾಲೇಜಿಗೆ ಹೋದೆವು. ಅಲ್ಲಿಯೂ ಹುಡುಗ ಹುಡುಗಿಯರು ಬ್ಯಾಗುಗಳನ್ನು ಸಾಲಿಟ್ಟು, ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದರು. ಅಜ್ಜಿ ಚೀಲದಿಂದ, ನನಗೆಂದೇ ತಂದಿದ್ದ ಸೋರೆಕಾಯಿ ತೆಗೆದು ಸಾಲಿಗಿಟ್ಟರು.

"ಈಗ ಚಪ್ಪಲಿ ಇದೆಯಲ್ಲಜ್ಜಿ, ಅದನ್ನೇ ಬಿಡಬಹುದಿತ್ತಲ್ಲ?"

"ಓಸ ಚಪ್ಲಿ. ಕಳ್ದೋದ್ರೆ?"

ಈ ಸಲ ನಾನು ಚೆನ್ನಾಗಿ ನೋಡಿಟ್ಟುಕೊಂಡೆ. ಕಾಯಿ ಇದ್ದದ್ದು ಕಟ್ಟಕಡೆಯ ಬ್ಯಾಗಿನ ಹಿಂದೆ. ನಾನೂ ಮೊಮ್ಮಗಳೂ ನೆರಳಿಗೆ ಹೋದೆವು. ಒಂದು ಫೋನು ಬಂತು, ಮಾತಾಡಿ ತಿರುಗಿದೆ. ಕಾಯಿಯ ಹಿಂದೆ ಮೂರು ಬ್ಯಾಗುಗಳಿದ್ದವು. ಪಕ್ಕದಲ್ಲಿ ಅಜ್ಜಿ ಆಕಾಶ ನೋಡುತ್ತ ನಿಂತಿದ್ದರು. ತರಕಾರಿಗೆ ಮರ್ಯಾದೆ ಕೊಟ್ಟು ಚಪ್ಪಲಿ ಕಳಚಿಟ್ಟಿದ್ದರು, ಕಾಲಿನ ಹೆಬ್ಬೆರಳು ಮಾತ್ರ ಮೆಲ್ಲಗೆ ಕಾಯಿಯ ಬೆನ್ನಿಗೆ ತಾಗಿತ್ತು.

ಕಾಲು ಪೂರ್ತಿ ವಾಸಿಯಾಗಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.