ಕಾಲುವೆಯಿಂದ ಎಳೆದದ್ದು ಯಾರು?

ಗೆಳೆಯರೇ, ಇವತ್ತು ಸಂಜೆ ಟಿ.ಬಿ. ಡ್ಯಾಂ ಕಾಲುವೆಯ ದಂಡೆಯಲ್ಲಿ ನಾವು ಮೂವರು ಹಳೆಯ ಸಹಪಾಠಿಗಳು ಕೂತಿದ್ದೆವು. ಬಿಸಿಲು ಕರಗಿ ನೀರಿನಲ್ಲಿ ಬೆರೆಯುತ್ತಿತ್ತು. ಅದನ್ನೇ ನೋಡುತ್ತಿದ್ದ ವಿರೂಪಾಕ್ಷ, ಪಕ್ಕದಲ್ಲಿದ್ದ ಮಂಜುನಾಥನಿಗೆ, "ಹುಡುಗರಿದ್ದಾಗ ನೀ ಇಲ್ಲೇ ಮುಳುಗತಿದ್ದಿ ಅಲ್ಲಲೇ, ನಿನ್ನ ನಾನಽ ಎಳದೆ" ಎಂದ.

ಮಂಜುನಾಥನಿಗೆ ಸಿಟ್ಟು ಬಂತು. "ಮುಳುಗಿದಾಂವ ನೀನು! ಕೂದಲಾ ಹಿಡದು ಎತ್ತಿದಾಂವ ನಾನು. ನನ್ನ ಮಕ್ಕಳಿಗೂ ಹಂಗಽ ಹೇಳೇನಿ."

"ನಾನೂ ನನ್ನ ಮಕ್ಕಳಿಗೆ ಹೇಳೇನಿ! ನಾ ಏನು ಸುಳ್ಳು ಹೇಳ್ತೀನೇನು?"

ಮಾತು ಬೆಳೆದು, ಇಬ್ಬರೂ ಬೆನ್ನು ತಿರುಗಿಸಿ ಕೂತರು.

ನನಗೆ ಆ ಮಧ್ಯಾಹ್ನ ಕನಸಿನಂತೆ ತೇಲಿ ಬಂತು. ಕಾಲು ಜಾರಿ ಬಿದ್ದ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಮುಳುಗುತ್ತಿದ್ದರು. ನಾನು ದಂಡೆಯ ಮೇಲೆ ಬೋರಲು ಮಲಗಿ ನನ್ನ ದುಪಟ್ಟಾದ ಒಂದು ತುದಿ ಹಿಡಿದು ಇನ್ನೊಂದನ್ನು ಅವರತ್ತ ಎಸೆದಿದ್ದೆ. ಆ ಹಳದಿ ಬಟ್ಟೆ ನೀರಿನ ಮೇಲೆ ಮೆಲ್ಲಗೆ ಹರಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ನಿಮ್ಮಿಬ್ಬರನ್ನೂ ಎಳದಾಕಿ ನಾನು" ಎಂದೆ.

ಇಬ್ಬರೂ ಒಟ್ಟಿಗೆ ತಿರುಗಿದರು. ಅಷ್ಟು ಹೊತ್ತು ಒಂದು ಮಾತಿಗೂ ಒಪ್ಪದವರು ಈಗ ಒಂದೇ ದನಿಯಲ್ಲಿ ಕೇಳಿದರು: "ಅವತ್ತು ನೀನೂ ಇದ್ದೇನು?"

"ಮುಂದಿನ ಸಲ ಮುಳುಗೂವಾಗ ದಂಡಿ ಮ್ಯಾಲೆ ಯಾರದಾರಂತ ಸ್ವಲ್ಪ ನೋಡಿಕೊಂಡು ಮುಳುಗ್ರಪ್ಪಾ" ಎಂದೆ.